ಬೊಗ್ಮಾಲೊದ ವ್ಯಾಂಪೈರ್: ಎರಡು ಆಸನದ ಹಳೆಯ ಜೆಟ್ಟಿನ ಕಾಕ್‌ಪಿಟ್ ಓದುವುದು ಹೇಗೆ?

ಗೋವಾದ ಬೊಗ್ಮಾಲೊದಲ್ಲಿರುವ ನೌಕಾ ವಾಯುಯಾನ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಆ ಎರಡು ಬಾಲದ ಪುಟ್ಟ ವಿಮಾನದಲ್ಲಿ ಇಬ್ಬರು ಹೇಗೆ ಕೂರುತ್ತಿದ್ದರು? ಅಷ್ಟೊಂದು ಗಡಿಯಾರಗಳು ಏನು ಹೇಳುತ್ತಿದ್ದವು?" ವಾಸ್ಕೋದ ನೆರೆಹೊರೆಯವರು ಕೇಳುತ್ತಾರೆ, ಝುವಾರಿನಗರದ ಸ್ನೇಹಿತರು ಕೇಳುತ್ತಾರೆ, ಹುಬ್ಬಳ್ಳಿ ಮತ್ತು ಬೆಳಗಾವಿಯಿಂದ ರಜೆಗೆ ಬರುವ ನೆಂಟರ ಮಕ್ಕಳಂತೂ ಬಿಡುವುದೇ ಇಲ್ಲ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಇದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ವಿಮಾನದ ಎದುರು ನಿಂತು ಒಂದೊಂದೇ ಹಂತ ಓದಿಕೊಳ್ಳಿ.

ಆ ವಿಮಾನದ ಹೆಸರು ಡಿ ಹ್ಯಾವಿಲೆಂಡ್ ವ್ಯಾಂಪೈರ್ ಟಿ.55. ವ್ಯಾಂಪೈರ್ ಮೊದಲು ಹಾರಿದ್ದು 1943ರ ಸೆಪ್ಟೆಂಬರ್ 20ರಂದು, ಇಂಗ್ಲೆಂಡಿನಲ್ಲಿ. ಭಾರತೀಯ ವಾಯುಪಡೆಯ ಮೊತ್ತಮೊದಲ ಜೆಟ್ ಯುದ್ಧವಿಮಾನವೂ ಇದೇ. 1948ರ ಕೊನೆಯಲ್ಲಿ ನಮ್ಮಲ್ಲಿಗೆ ಬಂತು, ಮುಂದೆ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ಒಂಟಿ ಆಸನದ್ದನ್ನೂ ಎರಡು ಆಸನದ್ದನ್ನೂ ತಯಾರಿಸಿದರು. 1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಜಮ್ಮುವಿನ ಛಾಂಬ್ ವಲಯದಲ್ಲಿ ಒಂದೇ ಸಂಜೆ ನಾಲ್ಕು ವ್ಯಾಂಪೈರ್‌ಗಳು ನಷ್ಟವಾದ ಮೇಲೆ ಇದನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿಕೊಂಡರು. ನೌಕಾಪಡೆ ಟಿ.55 ಅನ್ನು ಬಳಸಿದ್ದು ತನ್ನ ಪೈಲಟ್‌ಗಳಿಗೆ ಜೆಟ್ ಹಾರಾಟ ಕಲಿಸಲು.

ಒಂದು ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಇದು ರಾತ್ರಿ ಯುದ್ಧಕ್ಕೆಂದು ಅಗಲ ಮಾಡಿದ ಮೈಯೊಳಗೆ ಕಟ್ಟಿದ ಪಾಠಶಾಲೆ. ಕಾಕ್‌ಪಿಟ್ಟಿನ ವಿಚಿತ್ರಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದ ಬಿಡಿಸಿಕೊಳ್ಳುತ್ತವೆ.

ಹೊರಡುವ ಮುನ್ನ

ವಸ್ತುಸಂಗ್ರಹಾಲಯ ಇರುವುದು ದಾಬೋಳಿಯಿಂದ ಬೊಗ್ಮಾಲೊ ಕಡಲತೀರಕ್ಕೆ ಹೋಗುವ ರಸ್ತೆಯಲ್ಲಿ. ಸೋಮವಾರ ರಜೆ. ವಿಮಾನಗಳು ಬಯಲಿನಲ್ಲಿ ನಿಂತಿವೆ, ಹಾಗಾಗಿ ನಡುಮಧ್ಯಾಹ್ನ ಬೇಡ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಗಾಜಿನ ಮುಚ್ಚಳ ಆಕಾಶವನ್ನಷ್ಟೇ ತೋರಿಸುತ್ತದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಥವಾ ಸಂಜೆಯ ಮುಂಚೆ ಬೆಳಕು ಓರೆಯಾಗಿ ಒಳಗೆ ಬೀಳುತ್ತದೆ.

ಒಂದು ತಯಾರಿ ಮಾತ್ರ ತಪ್ಪಿಸಬೇಡಿ. ನೆಲದ ಮೇಲೆ ನಿಂತು ಕಾಕ್‌ಪಿಟ್ಟಿನ ಒಳಗನ್ನೆಲ್ಲ ನೋಡಲು ಆಗುವುದಿಲ್ಲ. ಆದ್ದರಿಂದ ಮನೆಯಲ್ಲಿಯೇ ವ್ಯಾಂಪೈರ್ ಟಿ.11ರ ಕಾಕ್‌ಪಿಟ್ಟಿನ ಚಿತ್ರವನ್ನು ಹುಡುಕಿ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಟಿ.11 ಎಂದರೆ ಬ್ರಿಟಿಷ್ ವಾಯುಪಡೆ ಬಳಸಿದ ಮಾದರಿ, ಟಿ.55 ಅದೇ ವಿಮಾನದ ರಫ್ತು ರೂಪ. ಬ್ರಿಟನ್ನಿನಲ್ಲಿ ಟಿ.11ಗಳು ಬಹಳಷ್ಟು ಉಳಿದಿರುವುದರಿಂದ ಒಳ್ಳೆಯ ಚಿತ್ರಗಳು ಸಿಗುತ್ತವೆ. ಸಣ್ಣಪುಟ್ಟ ಉಪಕರಣಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಚಿತ್ರದಲ್ಲಿರುವುದು ಇಲ್ಲಿ ಕಾಣದಿದ್ದರೆ ಯಾರೋ ಕಿತ್ತುಕೊಂಡು ಹೋದರು ಎಂದು ತೀರ್ಮಾನಿಸಬೇಡಿ.

ಹಂತ 1: ಹಿಂದಿನಿಂದ ಶುರು ಮಾಡಿ

ಎಲ್ಲರೂ ಮೂಗಿನ ಕಡೆಗೆ ಓಡುತ್ತಾರೆ. ನೀವು ಬಾಲದ ಕಡೆಗೆ ಹೋಗಿ. ಎರಡು ಉದ್ದನೆಯ ತೋಳುಗಳು ರೆಕ್ಕೆಯಿಂದ ಹಿಂದಕ್ಕೆ ಚಾಚಿಕೊಂಡು ಬಾಲವನ್ನು ಹಿಡಿದಿವೆ. ನಡುವೆ, ಗಿಡ್ಡ ಮೈಯ ಹಿಂತುದಿಯಲ್ಲಿ, ಒಂದು ದುಂಡು ರಂಧ್ರ. ಎಂಜಿನ್ನಿನ ಬಿಸಿಗಾಳಿ ಹೊರಬರುವುದು ಅಲ್ಲಿಂದ. ಎರಡು ಬಾಲ ಇರುವುದರಿಂದ ಎರಡು ಎಂಜಿನ್ ಎಂದು ಮಕ್ಕಳಿಗೆ ಹೇಳುವವರನ್ನು ನಾನು ಬಹಳ ಸಲ ಕೇಳಿದ್ದೇನೆ. ಅದು ತಪ್ಪು. ಎಂಜಿನ್ ಒಂದೇ, ಹೆಸರು ಗಾಬ್ಲಿನ್. ಗಾಳಿ ಒಳಹೋಗುವ ಬಾಯಿಗಳು ಮಾತ್ರ ಎರಡು, ರೆಕ್ಕೆ ಮೈಗೆ ಸೇರುವ ಕಡೆ ಇವೆ.

ಆಗಿನ ಜೆಟ್ ಎಂಜಿನ್‌ಗಳ ಬಲ ಕಡಿಮೆ. ಗಾಬ್ಲಿನ್ 35 ಕೊಡುತ್ತಿದ್ದ ನೂಕುಬಲ ಸುಮಾರು 3,500 ಪೌಂಡ್, ಅಂದರೆ 1,600 ಕಿಲೋ ಆಸುಪಾಸು. ಹೊಗೆಕೊಳವೆ ಉದ್ದವಾದಷ್ಟೂ ಅದರಲ್ಲಿ ಒಂದು ಪಾಲು ವ್ಯರ್ಥ. ಅದಕ್ಕಾಗಿ ಮೈಯನ್ನು ಗಿಡ್ಡ ಮಾಡಿ, ಬಾಲವನ್ನು ಎರಡು ತೋಳುಗಳ ಮೇಲೆ ಕೂರಿಸಿದರು. ವಿಮಾನ ನೆಲಕ್ಕೆ ಎಷ್ಟು ಹತ್ತಿರ ನಿಂತಿದೆ ನೋಡಿ. ಪ್ರೊಪೆಲ್ಲರ್ ಇಲ್ಲದ ಮೇಲೆ ಕಾಲು ಉದ್ದವಿರಬೇಕಾದ ಅಗತ್ಯವೇ ಇಲ್ಲ. ನಮಗೆ ಇದರಿಂದ ಅನುಕೂಲವಾಯಿತು: ಕಾಕ್‌ಪಿಟ್ಟಿನ ಅಂಚು ಇತರ ಜೆಟ್‌ಗಳಿಗಿಂತ ಕಣ್ಣಿಗೆ ಹತ್ತಿರ.

ಹಂತ 2: ಮರದ ಮೈ, ಮುಟ್ಟಬೇಡಿ

ರೆಕ್ಕೆ, ತೋಳು, ಬಾಲ ಇವೆಲ್ಲ ಲೋಹ. ಇಬ್ಬರು ಕೂರುವ ಆ ಮೊಟ್ಟೆಯಾಕಾರದ ಮೈ ಮಾತ್ರ ಮರದ್ದು. ತೆಳುವಾದ ಎರಡು ಪ್ಲೈವುಡ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿಟ್ಟು, ಅಚ್ಚಿನ ಮೇಲೆ ಅಂಟಿನಿಂದ ಒತ್ತಿ ಮಾಡಿದ್ದು. ಎರಡನೆಯ ಮಹಾಯುದ್ಧದ ಮಾಸ್ಕಿಟೊ ವಿಮಾನದಲ್ಲಿ ಇದೇ ಕಂಪನಿ ಬಳಸಿದ್ದ ವಿಧಾನ ಇದು. ಗಂಟೆಗೆ 850 ಕಿಲೋಮೀಟರಿಗೂ ಮಿಕ್ಕಿ ಹಾರುವ ಜೆಟ್ಟಿನಲ್ಲಿ ಪೈಲಟ್ ಕೂತಿದ್ದು ಮರದ ಪೆಟ್ಟಿಗೆಯಲ್ಲಿ ಎಂಬುದನ್ನು ನೆನೆದಾಗ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಹಾಗೆಂದು ಬೆರಳಿನಿಂದ ಕುಟ್ಟಿ ಸದ್ದು ನೋಡಬೇಡಿ. ಕಡಲ ಉಪ್ಪುಗಾಳಿಯೂ ಕೊಂಕಣದ ಮಳೆಯೂ ಲೋಹಕ್ಕೆ ಮಾಡುವ ಕೇಡಿಗಿಂತ ಹೆಚ್ಚಿನದನ್ನು ಮರಕ್ಕೂ ಅಂಟಿಗೂ ಮಾಡುತ್ತವೆ. ಬಣ್ಣದಲ್ಲಿ ಒಂದು ಬಿರುಕು ಬಿಟ್ಟರೆ ನೀರು ಒಳಗಿಳಿಯುತ್ತದೆ. ಮಕ್ಕಳನ್ನು ಎತ್ತಿ ರೆಕ್ಕೆಯ ಮೇಲೆ ಕೂರಿಸಿ ಚಿತ್ರ ತೆಗೆಯುವವರಿದ್ದಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ, ಮಾಡುವವರನ್ನು ಕಂಡರೆ ಮೆತ್ತಗೆ ಹೇಳಿ.

ಹಂತ 3: ಅಗಲವನ್ನು ಅಳೆಯಿರಿ

ಈಗ ಮೂಗಿನ ಎದುರಿಗೆ ಬನ್ನಿ. ಒಂಟಿ ಆಸನದ ವ್ಯಾಂಪೈರ್ ಸಣಕಲು, ಇದು ಗುಂಡು. ಡಿ ಹ್ಯಾವಿಲೆಂಡ್ ಕಂಪನಿ ಮೊದಲು ರಾತ್ರಿ ಯುದ್ಧಕ್ಕೆಂದು ಎನ್‌ಎಫ್.10 ಎಂಬ ವ್ಯಾಂಪೈರ್ ಮಾಡಿತ್ತು. ಕತ್ತಲಲ್ಲಿ ಶತ್ರುವನ್ನು ಹುಡುಕಲು ಮೂಗಿನಲ್ಲಿ ರೇಡಾರ್, ಅದನ್ನು ನೋಡಲು ಪೈಲಟ್ಟಿನ ಪಕ್ಕದಲ್ಲಿ ಇನ್ನೊಬ್ಬ. ಅದಕ್ಕಾಗಿ ಮೈ ಅಗಲವಾಯಿತು. ಅದೇ ಅಗಲದ ಮೈಯಿಂದ ರೇಡಾರ್ ತೆಗೆದು, ಇಬ್ಬರಿಗೂ ಹಾರಿಸುವ ಹಿಡಿಕೆ ಕೊಟ್ಟಾಗ ತರಬೇತಿ ವಿಮಾನ ಸಿದ್ಧವಾಯಿತು. ಅದು ಮೊದಲು ಹಾರಿದ್ದು 1950ರ ನವೆಂಬರ್‌ನಲ್ಲಿ. ಆ ರಾತ್ರಿಯ ವ್ಯಾಂಪೈರ್‌ಗಳನ್ನೂ ಎನ್‌ಎಫ್.54 ಎಂಬ ಹೆಸರಿನಲ್ಲಿ ಭಾರತ ಕೊಂಡಿತ್ತು, ಒಂದು ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿದೆ.

ಒಳಗೆ ಎಡಕ್ಕೆ ಕಲಿಯುವವರು, ಬಲಕ್ಕೆ ಕಲಿಸುವವರು. ಭುಜಕ್ಕೆ ಭುಜ ತಾಗುತ್ತದೆ. ಹೆಲ್ಮೆಟ್, ಪ್ಯಾರಾಚೂಟಿನ ಪಟ್ಟಿ, ಆಮ್ಲಜನಕದ ಕೊಳವೆ ಎಲ್ಲ ಸೇರಿದರೆ ಮೊಣಕೈ ಆಡಿಸುವುದಕ್ಕೂ ಪಕ್ಕದವರ ಒಪ್ಪಿಗೆ ಬೇಕು. ಆದರೆ ಪಾಠಕ್ಕೆ ಇದರಿಂದ ಬಹಳ ಲಾಭ. ಗುರು ಕೈ ಎಲ್ಲಿಟ್ಟರು, ಯಾವ ಮಾಪಕದ ಕಡೆಗೆ ಬೆರಳು ತೋರಿಸಿದರು ಎಂಬುದು ಶಿಷ್ಯನಿಗೆ ಕಾಣುತ್ತದೆ. ಶಿಷ್ಯ ಕಣ್ಣು ಎತ್ತ ಹಾಯಿಸುತ್ತಿದ್ದಾನೆ ಎಂಬುದು ಗುರುವಿಗೆ ಕಾಣುತ್ತದೆ. ಅದೇ ಆವರಣದಲ್ಲಿರುವ ತರಬೇತಿ ವಿಮಾನ ಎಚ್‌ಟಿ-2ರಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ಕೂರುತ್ತಾರೆ. ಎರಡನ್ನೂ ಹತ್ತಿರದಿಂದ ನೋಡಿ, ಕಲಿಸುವವರಾಗಿದ್ದರೆ ನಿಮಗೆ ಯಾವುದು ಬೇಕಿತ್ತು ಎಂದು ಯೋಚಿಸಿ. ನನಗಂತೂ ವ್ಯಾಂಪೈರಿನ ಬಲಗಡೆಯ ಆಸನವೇ ಸರಿ.

ಹಂತ 4: ಮುಚ್ಚಳ ನೋಡಿ ಆಸನ ಹೇಳಿ

ಮೊದಮೊದಲಿನ ತರಬೇತಿ ವ್ಯಾಂಪೈರ್‌ಗಳಿಗೆ ರಾತ್ರಿ ವಿಮಾನದ ಹಳೆಯ ಮುಚ್ಚಳವೇ ಇತ್ತು: ದಪ್ಪ ಪಟ್ಟಿಗಳ ಚೌಕಟ್ಟಿನಲ್ಲಿ ಕೂರಿಸಿದ ಗಾಜು. ಅಪಾಯದಲ್ಲಿ ಕೂತವರನ್ನು ತನ್ನ ಸಮೇತ ಹೊರಗೆ ಚಿಮ್ಮಿಸುವ ಆಸನ ಅವುಗಳಲ್ಲಿ ಇರಲಿಲ್ಲ. ಅಪಾಯ ಬಂದರೆ ಮುಚ್ಚಳ ತೆಗೆದು, ಎದ್ದು, ಹೊರಗೆ ಹಾರಬೇಕು. ಆ ಇಕ್ಕಟ್ಟಿನಲ್ಲಿ ಇದೆಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಂತರದವುಗಳಿಗೆ ಮಾರ್ಟಿನ್ ಬೇಕರ್ ಕಂಪನಿಯ ಆಸನ ಹಾಕಿದರು, ಅದರೊಂದಿಗೆ ಒಂದೇ ತುಂಡಿನ ತಿಳಿಗಾಜಿನಂಥ ಮುಚ್ಚಳವೂ ಬಂತು. ನಿಮ್ಮ ಎದುರಿಗಿರುವ ಮುಚ್ಚಳ ಯಾವ ಬಗೆಯದು ಎಂದು ಮೊದಲು ಗುರುತಿಸಿ, ಆಮೇಲೆ ಒಳಗೆ ನೋಡಿ.

ಚಿಮ್ಮಿಸುವ ಆಸನವನ್ನು ಚಿತ್ರದಲ್ಲಿ ಗುರುತಿಸುವುದು ಸುಲಭ. ತಲೆಯ ಮೇಲ್ಭಾಗದಲ್ಲಿ ಕಪ್ಪು-ಹಳದಿ ಪಟ್ಟೆಯ ಹಿಡಿ. ಅದನ್ನು ಎರಡೂ ಕೈಗಳಿಂದ ಮುಖದ ಮೇಲೆ ಎಳೆದುಕೊಂಡರೆ ಒಂದು ಪರದೆ ಮುಖವನ್ನು ಮುಚ್ಚುತ್ತದೆ, ಸಿಡಿಮದ್ದು ಸ್ಫೋಟಿಸಿ ಆಸನ ಮೇಲಕ್ಕೆ ಹಾರುತ್ತದೆ. ಹಿಡಿಯನ್ನು ಕೈಗೆ ಸುಲಭವಾದ ಕಡೆ ಇಡದೆ ತಲೆಯ ಮೇಲೇಕೆ ಇಟ್ಟರು ಎಂದು ಬಹಳ ಜನ ಕೇಳುತ್ತಾರೆ. ಮೇಲಿನಿಂದ ಎಳೆಯುವಾಗ ಬೆನ್ನು ನೆಟ್ಟಗಾಗುತ್ತದೆ, ತಲೆ ಆಸನಕ್ಕೆ ಒರಗುತ್ತದೆ, ಪರದೆ ಗಾಳಿಯ ಹೊಡೆತದಿಂದ ಮುಖವನ್ನು ಕಾಯುತ್ತದೆ. ಬೆನ್ನು ಬಾಗಿದ್ದಾಗ ಆಸನ ಸಿಡಿದರೆ ಮೂಳೆ ಮುರಿಯುತ್ತದೆ. ಈ ಆಸನಗಳಿಗೆ ರಾಕೆಟ್ ಇರಲಿಲ್ಲ. ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಎತ್ತರವೋ ವೇಗವೋ ಬೇಕಿತ್ತು, ನಿಂತ ವಿಮಾನದಿಂದ ಪಾರು ಮಾಡುವ ಶಕ್ತಿ ಅವಕ್ಕಿರಲಿಲ್ಲ.

ಎಚ್ಚರಿಕೆ: ಹಳೆಯ ಯುದ್ಧವಿಮಾನದ ಆಸನ ಎಲ್ಲಿ ಕಂಡರೂ, ಯಾವ ಊರಿನಲ್ಲಾದರೂ ಸರಿ, ಪಟ್ಟೆ ಹಿಡಿಯನ್ನಾಗಲಿ ಕೆಂಪು ಬಟ್ಟೆ ಕಟ್ಟಿದ ಪಿನ್ನನ್ನಾಗಲಿ ಮುಟ್ಟಬೇಡಿ. ಮದ್ದು ತೆಗೆದಿರುತ್ತಾರೆ ಎಂಬ ನಂಬಿಕೆಯ ಮೇಲೆ ಕೈ ಹಾಕುವ ವಸ್ತು ಅದಲ್ಲ.

ಹಂತ 5: ಹಿಡಿಕೆ, ಮತ್ತು ಅದರ ಮೇಲಿನ ಬ್ರೇಕು

ಇದು ನನಗೆ ಅತ್ಯಂತ ಇಷ್ಟವಾದ ಭಾಗ. ಪ್ರತಿ ಆಸನದ ಮುಂದೆಯೂ ಒಂದು ಹಿಡಿಕೆ ಇದೆ, ಅದನ್ನು ವಾಲಿಸಿದತ್ತ ವಿಮಾನ ವಾಲುತ್ತದೆ. ಆ ಹಿಡಿಕೆಗೆ ಸೈಕಲ್ಲಿನ ಬ್ರೇಕಿನಂತೆ ಒಂದು ಸನ್ನೆ (ಲಿವರ್) ಅಂಟಿಕೊಂಡಿರುವುದನ್ನು ಚಿತ್ರದಲ್ಲಿ ಹುಡುಕಿ. ಅದು ಚಕ್ರಗಳ ಬ್ರೇಕೇ. ಇಂದಿನ ವಿಮಾನಗಳಲ್ಲಿ ಬ್ರೇಕು ಕಾಲಿನ ಪೆಡಲ್ಲಿನ ತುದಿಯಲ್ಲಿರುತ್ತದೆ, ಆಗಿನ ಬ್ರಿಟಿಷ್ ವಿಮಾನಗಳಲ್ಲಿ ಕೈಯಲ್ಲಿತ್ತು.

ಬ್ರೇಕು ಕೆಲಸ ಮಾಡುವುದು ಒತ್ತಿಟ್ಟ ಗಾಳಿಯಿಂದ. ವಾಸ್ಕೋ ನಿಲ್ದಾಣದಲ್ಲಿ ಕದಂಬ ಬಸ್ಸಿನ ಚಾಲಕರು ಬ್ರೇಕು ಬಿಟ್ಟಾಗ "ಉಸ್ಸ್" ಎನ್ನುವ ಸದ್ದು ಕೇಳಿದ್ದೀರಲ್ಲ, ನೆಲದ ಮೇಲೆ ಸಾಗುವ ವ್ಯಾಂಪೈರ್ ಕೂಡ ಹಾಗೆಯೇ ಉಸ್ಸೆನ್ನುತ್ತಿತ್ತು.

ತಿರುಗಿಸುವುದು ಹೇಗೆ? ಮೂಗಿನ ಚಕ್ರವನ್ನು ಬಗ್ಗಿ ನೋಡಿ. ಅದಕ್ಕೆ ಸ್ಟೀರಿಂಗ್ ಸಂಪರ್ಕವಿಲ್ಲ. ಆಸ್ಪತ್ರೆಯ ಸ್ಟ್ರೆಚರಿನ ಚಕ್ರದಂತೆ ಎಳೆದತ್ತ ತಾನಾಗಿ ಹೊರಳುತ್ತದೆ. ಪೈಲಟ್ ಕಾಲಿನಿಂದ ಎಡ ಪೆಡಲ್ ಒತ್ತಿ ಕೈಯಿಂದ ಸನ್ನೆ ಹಿಂಡಿದರೆ ಎಡ ಚಕ್ರಕ್ಕೆ ಹೆಚ್ಚು ಬ್ರೇಕು ಬಿದ್ದು ವಿಮಾನ ಎಡಕ್ಕೆ ತಿರುಗುತ್ತದೆ. ಬಲಕ್ಕೂ ಹಾಗೆಯೇ. ತೀರಾ ಚಿಕ್ಕ ಜಾಗದಲ್ಲಿ ತಿರುಗಿಸಲು ಹೋದರೆ ಮೂಗಿನ ಚಕ್ರ ಅಡ್ಡಡ್ಡ ಹೊರಳಿ ಸಿಕ್ಕಿಕೊಳ್ಳುತ್ತಿತ್ತು. ಆಗ ಎಷ್ಟು ಬ್ರೇಕು ಹಿಂಡಿದರೂ ವಿಮಾನ ಮಿಸುಕದು, ಹಿಂಡಿದಷ್ಟೂ ಸಿಲಿಂಡರಿನ ಗಾಳಿ ಖಾಲಿ. ಇದಕ್ಕಾಗಿಯೇ ಮೂರು ಅಂಕೆಗಳನ್ನು ಒಟ್ಟಿಗೆ ತೋರಿಸುವ ಒಂದು ಸಣ್ಣ ಮಾಪಕ ಇದೆ: ಸಂಗ್ರಹದಲ್ಲಿರುವ ಗಾಳಿಯ ಒತ್ತಡ, ಎಡ ಚಕ್ರಕ್ಕೆ ಹೋಗುತ್ತಿರುವುದು, ಬಲ ಚಕ್ರಕ್ಕೆ ಹೋಗುತ್ತಿರುವುದು. ಹೊಸ ವಿದ್ಯಾರ್ಥಿಗೆ ಆಕಾಶಕ್ಕೆ ಏರುವ ಮೊದಲೇ ಎದುರಾಗುತ್ತಿದ್ದ ಪರೀಕ್ಷೆ ಇದು.

ಹಂತ 6: ಆರು ಗಡಿಯಾರಗಳನ್ನು ಹುಡುಕಿ, ಮಿಕ್ಕದ್ದನ್ನು ಸದ್ಯಕ್ಕೆ ಬಿಡಿ

ಫಲಕದ ಮೇಲೆ ಹತ್ತಾರು ದುಂಡು ಮಾಪಕಗಳಿವೆ. ಎಲ್ಲವನ್ನೂ ಒಮ್ಮೆಗೇ ಓದಲು ಹೋಗಬೇಡಿ. ಮೇಲೆ ಮೂರು, ಕೆಳಗೆ ಮೂರು ಇರುವ ಗುಂಪನ್ನು ಹುಡುಕಿ. ಆಗಿನ ಬ್ರಿಟಿಷ್ ಯುದ್ಧವಿಮಾನಗಳಲ್ಲಿ ಸಾಮಾನ್ಯವಾಗಿ ಈ ಆರು ಇದೇ ಕ್ರಮದಲ್ಲಿ ಇರುತ್ತಿದ್ದವು. ಮೋಡದೊಳಗೆ ಹೊರಗೇನೂ ಕಾಣದಿದ್ದರೂ ಇವುಗಳನ್ನು ನೋಡಿ ಹಾರಬಹುದು.

ಮೇಲಿನ ಸಾಲಿನಲ್ಲಿ ಎಡಕ್ಕೆ ವೇಗ. ಅದು ನಾಟ್ ಲೆಕ್ಕದಲ್ಲಿದೆ, ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ನಡುವೆ ಕೃತಕ ದಿಗಂತ, ಅಂದರೆ ನೆಲಕ್ಕೆ ಹೋಲಿಸಿದರೆ ವಿಮಾನ ಹೇಗೆ ವಾಲಿದೆ ಎಂದು ತೋರಿಸುವುದು. ಬಲಕ್ಕೆ ಏರುವ ಅಥವಾ ಇಳಿಯುವ ವೇಗ. ಕೃತಕ ದಿಗಂತ ಸೊಟ್ಟಗೆ ನಿಂತಿರುವುದನ್ನು ಕಂಡು ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಅದರೊಳಗಿನ ಬುಗುರಿ ತಿರುಗುವವರೆಗೆ ಮಾತ್ರ ಅದಕ್ಕೆ ನೆಟ್ಟಗೆ ನಿಲ್ಲುವ ಶಕ್ತಿ. ಬುಗುರಿ ನಿಂತರೆ ಯಾವ ಕಡೆಗಾದರೂ ಒರಗುತ್ತದೆ.

ಕೆಳಸಾಲಿನ ನಡುವೆ ದಿಕ್ಕು. ಬಲಕ್ಕೆ ತಿರುಗುವಿಕೆ ಮತ್ತು ಜಾರುವಿಕೆ, ಅಂದರೆ ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂಬುದು. ಇದರಲ್ಲಿ ಒಂದು ವಿಶೇಷ ಇದೆ: ಬೇರೆ ಕಡೆಗಳಲ್ಲಿ ಜಾರುವಿಕೆಯನ್ನು ತೋರಿಸಲು ಗಾಜಿನ ನಳಿಗೆಯಲ್ಲಿ ಉರುಳುವ ಗುಂಡು ಇರುತ್ತದೆ, ಬ್ರಿಟಿಷರು ಅದಕ್ಕೂ ಮುಳ್ಳನ್ನೇ ಬಳಸಿದರು. ಹಾಗಾಗಿ ಒಂದೇ ಮುಖದಲ್ಲಿ ಎರಡು ಮುಳ್ಳು, ಕೆಳಗಿನದು ತಿರುಗುವ ವೇಗಕ್ಕೆ, ಮೇಲಿನದು ಜಾರುವಿಕೆಗೆ.

ಇನ್ನು ಕೆಳಸಾಲಿನ ಎಡಕ್ಕೆ ಎತ್ತರ ಮಾಪಕ. ಇಲ್ಲಿ ನಿಂತು ನಿಧಾನವಾಗಿ ನೋಡಿ, ಏಕೆಂದರೆ ಇದನ್ನು ತಪ್ಪಾಗಿ ಓದಿ ಜೀವ ಕಳೆದುಕೊಂಡವರಿದ್ದಾರೆ. ಗೋಡೆ ಗಡಿಯಾರದಂತೆ ಮೂರು ಮುಳ್ಳು. ಮುಖದ ಮೇಲೆ 0ಯಿಂದ 9ರವರೆಗೆ ಅಂಕಿಗಳು. ಉದ್ದನೆಯ ಮುಳ್ಳು ನೂರುಗಳನ್ನು ಹೇಳುತ್ತದೆ, ಒಂದು ಸುತ್ತಿಗೆ 1,000 ಅಡಿ. ನಡುವಿನದು ಸಾವಿರಗಳನ್ನು, ಒಂದು ಸುತ್ತಿಗೆ 10,000 ಅಡಿ. ಅತಿ ಚಿಕ್ಕದು ಹತ್ತು ಸಾವಿರಗಳನ್ನು. ಚಿಕ್ಕದು 1 ದಾಟಿದೆ, ನಡುವಿನದು 2 ಮತ್ತು 3ರ ನಡುವೆ ಇದೆ, ಉದ್ದನೆಯದು 5ರ ಮೇಲಿದೆ ಎಂದುಕೊಳ್ಳಿ. ಎತ್ತರ 12,500 ಅಡಿ. ಈಗ ಚಿಕ್ಕ ಮುಳ್ಳು ಮಾತ್ರ 1ರ ಬಳಿಯಿಂದ 0ಯ ಹತ್ತಿರಕ್ಕೆ ಸರಿದಿದೆ, ಮಿಕ್ಕ ಎರಡು ಅಲ್ಲಿಯೇ ಇವೆ: ಎತ್ತರ 2,500 ಅಡಿ. ಎರಡೂ ಮುಖಗಳ ನಡುವಿನ ವ್ಯತ್ಯಾಸ ಎಲ್ಲಕ್ಕಿಂತ ಗಿಡ್ಡ ಮುಳ್ಳಿನ ಒಂದು ಚಿಕ್ಕ ಸರಿತ ಮಾತ್ರ. ವೇಗವಾಗಿ ಇಳಿಯುವಾಗ ದೊಡ್ಡ ಮುಳ್ಳು ಗಿರಗಿರನೆ ತಿರುಗಿ ಕಣ್ಣನ್ನು ತನ್ನತ್ತ ಎಳೆಯುತ್ತದೆ, ಗಿಡ್ಡದ್ದು ಅದರಡಿಯಲ್ಲಿ ಮರೆಯಾಗುತ್ತದೆ. ತನಗಿನ್ನೂ ಹತ್ತು ಸಾವಿರ ಅಡಿ ಬಾಕಿಯಿದೆ ಎಂದು ನಂಬಿದವನ ಎದುರು ಗುಡ್ಡ ಬಂದು ನಿಲ್ಲುತ್ತದೆ.

ಮಕ್ಕಳಿದ್ದರೆ ಒಂದು ಹಾಳೆಯಲ್ಲಿ ಈ ಮಾಪಕವನ್ನು ಬರೆದು, ಮೂರು ಮುಳ್ಳನ್ನೂ ಬೇಕಾದ ಹಾಗೆ ಇಟ್ಟು ಎತ್ತರ ಕೇಳಿ. ಮೊದಲು ಗಿಡ್ಡದ್ದು, ಆಮೇಲೆ ನಡುವಿನದು, ಕೊನೆಗೆ ಉದ್ದದ್ದು: ಇದೇ ಸರಿಯಾದ ಓದುವ ಕ್ರಮ. ಮಾಪಕದ ಮುಖದಲ್ಲಿ ಚಿಕ್ಕ ಕಿಟಕಿಯೊಂದಿದೆ, ಅದರಲ್ಲಿ ಗಾಳಿಯ ಒತ್ತಡದ ಅಂಕಿ. ಎತ್ತರ ಮಾಪಕ ನಿಜವಾಗಿ ಅಳೆಯುವುದು ಒತ್ತಡವನ್ನೇ. ಮಳೆಗಾಲದಲ್ಲಿ ಒತ್ತಡ ಒಂದು ಮಿಲಿಬಾರ್ ಇಳಿದರೆ, ತಿರುಪು ತಿರುಗಿಸಿ ಸರಿಪಡಿಸದ ಮಾಪಕ ನಿಂತಲ್ಲಿಯೇ ಸುಮಾರು 27 ಅಡಿ ಮೇಲೇರಿದಂತೆ ತೋರಿಸುತ್ತದೆ.

ಹಂತ 7: ಎಂಜಿನ್ನಿನ ಮಾಪಕಗಳು

ಎರಡನ್ನು ಗುರುತಿಸಿದರೆ ಸಾಕು. ಒಂದು, ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವುದು, ಗಾಬ್ಲಿನ್ ಹತ್ತು ಸಾವಿರಕ್ಕೂ ಮಿಕ್ಕಿ ಸುತ್ತುತ್ತಿತ್ತು. ಇನ್ನೊಂದು, ಹೊಗೆಕೊಳವೆಯ ಶಾಖ.

ಶಾಖದ ಮಾಪಕ ಏಕೆ ಮುಖ್ಯ ಎಂಬುದು ಪಂಪ್ ಸ್ಟವ್ ಹಚ್ಚಿದವರಿಗೆ ಬೇಗ ಅರ್ಥವಾಗುತ್ತದೆ. ಬರ್ನರ್ ಕಾಯುವ ಮೊದಲೇ ಪಂಪು ಹೊಡೆದರೆ ಸೀಮೆಎಣ್ಣೆ ಹನಿಹನಿಯಾಗಿ ಸೇರಿ, ಹತ್ತಿಕೊಂಡಾಗ ಭಗ್ಗೆಂದು ಮೇಲೇಳುತ್ತದೆ. ಜೆಟ್ ಎಂಜಿನ್ನಿನ ಇಂಧನವೂ ಸೀಮೆಎಣ್ಣೆಯ ಬಗೆಯದೇ. ಹತ್ತಿಕೊಳ್ಳದೆ ಒಳಗೆ ಸೇರಿದರೆ ಅದನ್ನು ಪೂರ್ತಿ ಬಸಿಯಲು ಬಿಟ್ಟು ಆಮೇಲೆಯೇ ಮತ್ತೆ ಪ್ರಯತ್ನಿಸಬೇಕು.

ಹಾರುವಾಗ ಗಾಬ್ಲಿನ್ನಿನ ದೊಡ್ಡ ಸ್ವಭಾವದೋಷ ನಿಧಾನ. ಥ್ರಾಟಲ್, ಅಂದರೆ ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಹಿಡಿ, ಮುಂದೆ ತಳ್ಳಿದ ತಕ್ಷಣ ಬಲ ಬರುವುದಿಲ್ಲ, ಸುತ್ತು ಏರಲು ಅದು ಸಮಯ ಕೇಳುತ್ತದೆ. ಗಡಿಬಿಡಿಯಲ್ಲಿ ಜೋರಾಗಿ ತಳ್ಳಿದರೆ ಇಂಧನ ಹೆಚ್ಚಾಗಿ ಶಾಖ ಮಿತಿ ಮೀರುತ್ತದೆ. ಪ್ರೊಪೆಲ್ಲರ್ ವಿಮಾನದಿಂದ ಬಂದ ವಿದ್ಯಾರ್ಥಿಗೆ ಇದು ಅತ್ಯಂತ ಕಷ್ಟದ ಪಾಠ. ಇಳಿಯುವಾಗ ಎಂಜಿನ್ನನ್ನು ಪೂರ್ತಿ ತಗ್ಗಿಸದೆ ಸುತ್ತು ಉಳಿಸಿಕೊಂಡೇ ಬರಬೇಕು, ಮತ್ತೆ ಏರಬೇಕೆನಿಸಿದರೆ ಬೇಗ ತೀರ್ಮಾನಿಸಬೇಕು. ವಿಮಾನವಾಹಕ ಹಡಗಿನ ಗಿಡ್ಡ ಅಟ್ಟದ ಮೇಲೆ ಇಳಿಯಬೇಕಾದ ನೌಕಾ ಪೈಲಟ್ಟಿಗೆ ಈ ಪಾಠದ ಬೆಲೆ ಇನ್ನೂ ಹೆಚ್ಚು. ಜೆಟ್ ವಿಮಾನವೊಂದು ಹಡಗಿನ ಮೇಲೆ ಮೊದಲ ಬಾರಿ ಇಳಿದದ್ದು 1945ರ ಡಿಸೆಂಬರ್ 3ರಂದು, ಎಚ್‌ಎಂಎಸ್ ಓಷನ್ ಮೇಲೆ, ಎರಿಕ್ ಬ್ರೌನ್ ಅವರ ಕೈಯಲ್ಲಿ. ಆ ವಿಮಾನವೂ ವ್ಯಾಂಪೈರೇ.

ಥ್ರಾಟಲ್ ಎಲ್ಲಿದೆ? ಎಡ ಆಸನದವರಿಗೆ ಎಡಗೋಡೆಯಲ್ಲಿ ನೋಡಿ. ಬಲ ಆಸನದವರ ಎಡಗೈ ಎಲ್ಲಿ ಬೀಳುತ್ತದೆ ಎಂದು ಊಹಿಸಿ, ಅವರ ಹಿಡಿಯನ್ನು ಅಲ್ಲಿ ಹುಡುಕಿ.

ಹಂತ 8: ಮೂರು ಹಸಿರು

ಚಕ್ರಗಳ ದೀಪಗಳು ಕೊನೆಗೆ. ಮೂರು ಚಕ್ರಕ್ಕೂ ಒಂದೊಂದು. ಹಸಿರು ಎಂದರೆ ಇಳಿದು ಭದ್ರವಾಗಿದೆ, ಕೆಂಪು ಎಂದರೆ ನಡುದಾರಿಯಲ್ಲಿದೆ, ದೀಪವೇ ಇಲ್ಲವೆಂದರೆ ಮೇಲೆ ಮಡಚಿಕೊಂಡಿದೆ.

ಚಿತ್ರ ತೆಗೆಯುವವರಿಗೆ

ಮುಚ್ಚಳದ ಹೊಳಪು ತಪ್ಪಿಸಲು ಕಪ್ಪು ಬಟ್ಟೆ ಅಥವಾ ಕೊಡೆ ಹಿಡಿದು ನೆರಳು ಮಾಡಿಕೊಳ್ಳಿ. ಮೊಬೈಲಿನ ಫ್ಲ್ಯಾಶ್ ಬೇಡ, ಅದು ಮುಚ್ಚಳಕ್ಕೇ ಬಡಿದು ಮರಳುತ್ತದೆ. ಹಗ್ಗ ಕಟ್ಟಿದ್ದರೆ ಅದರ ಆಚೆಗೆ ಹೋಗಬೇಡಿ. ಇನ್ನೊಂದು ಮುಖ್ಯ ಮಾತು: ಪಕ್ಕದಲ್ಲೇ ಐಎನ್ಎಸ್ ಹನ್ಸಾ ಇದೆ, ಇಂದಿಗೂ ಕೆಲಸ ಮಾಡುತ್ತಿರುವ ನೌಕಾ ವಾಯುನೆಲೆ. ಅದು 1961ರಲ್ಲಿ ಕೊಯಮತ್ತೂರು ಬಳಿ ಶುರುವಾಗಿ, ಗೋವಾ ವಿಮೋಚನೆಯ ನಂತರ 1964ರಲ್ಲಿ ದಾಬೋಳಿಗೆ ಬಂತು. ಕ್ಯಾಮೆರಾವನ್ನು ಸಂಗ್ರಹಾಲಯದ ವಿಮಾನಗಳ ಕಡೆಗೆ ಮಾತ್ರ ತಿರುಗಿಸಿ, ರನ್‌ವೇ ಕಡೆಗೆ ಬೇಡ.

ಹಂತ 9: ಪಕ್ಕದ ಎರಡು ವಿಮಾನಗಳು

ಇಷ್ಟು ನೋಡಿದ ಮೇಲೆ ಕಿರಣ್ ವಿಮಾನದ ಹತ್ತಿರ ಹೋಗಿ. ಬೆಂಗಳೂರಿನಲ್ಲಿಯೇ ವಿನ್ಯಾಸಗೊಂಡು 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿದ ತರಬೇತಿ ಜೆಟ್ ಇದು. ಇದರಲ್ಲೂ ಗುರು ಶಿಷ್ಯರು ಅಕ್ಕಪಕ್ಕ. ವ್ಯಾಂಪೈರಿನಲ್ಲಿ ಸಿಕ್ಕಿದ ಇಕ್ಕಟ್ಟಾದ ಅಗಲಕ್ಕೂ, ಪಾಠಕ್ಕೆಂದೇ ಅಳೆದು ಮಾಡಿದ ಅಗಲಕ್ಕೂ ಇರುವ ವ್ಯತ್ಯಾಸ ಎದುರಿನಿಂದ ನೋಡಿದಾಗ ಚೆನ್ನಾಗಿ ಕಾಣುತ್ತದೆ.

ಕೊನೆಗೆ ಸೀ ಹಾಕ್ ಯುದ್ಧವಿಮಾನ. ವ್ಯಾಂಪೈರಿನಲ್ಲಿ ಕಲಿತವರು ಮುಂದೆ ವಿಮಾನವಾಹಕ ಹಡಗು ಐಎನ್ಎಸ್ ವಿಕ್ರಾಂತ್‌ಗಾಗಿ ಹಾರಿಸಿದ್ದು ಇದನ್ನು. ಕಾಕ್‌ಪಿಟ್ಟಿನ ಒಳಗೆ ನೋಡಿ, ಆಸನ ಒಂದೇ. ಫಲಕದ ಮೇಲೆ ಆ ಆರು ಗಡಿಯಾರಗಳನ್ನು ಹುಡುಕಿ: ಮೇಲೆ ಮೂರು, ಕೆಳಗೆ ಮೂರು, ಎತ್ತರ ಮಾಪಕ ಕೆಳಗೆ ಎಡಕ್ಕೆ.